ಕೆಂಪು ಪಿನ್ನು

ನಾಡಿದ್ದು ಮೊಮ್ಮಗಳು ಸ್ಮೃತಿಯ ಮದುವೆಯ ಅರಿಶಿನ ಎಣ್ಣೆ ಶಾಸ್ತ್ರ. ಹಾಡಬೇಕಾದ ಗಂಗಿಯೇ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಅಕ್ಕ ಸಣ್ಣಮ್ಮ ತೀರಿಕೊಂಡು ಎಂಟು ತಿಂಗಳು. ಎಣ್ಣೆ ಹಾಡು ಒಬ್ಬರ ಹಾಡಲ್ಲ. ಒಬ್ಬಳು ಪ್ರಶ್ನೆ ಕೇಳಿ ನಿಲ್ಲಬೇಕು, ಇನ್ನೊಬ್ಬಳು ಉತ್ತರ ಎತ್ತಿಕೊಳ್ಳಬೇಕು. ಐವತ್ತು ವರ್ಷ ಅಕ್ಕ ಕೇಳಿದ್ದಳು, ಗಂಗಿ ಎತ್ತಿಕೊಂಡಿದ್ದಳು. ಕೇಳುವವಳೇ ಇಲ್ಲದ ಮೇಲೆ ಒಂದು ಉತ್ತರವೂ ನೆನಪಿಗೆ ಬರುತ್ತಿರಲಿಲ್ಲ.

"ನೀವು ಹಾಡ್ದೆ ಹೋದ್ರೆ ಸ್ಪೀಕರಿನವ ಸಿನಿಮಾ ಪದ ಹಾಕ್ತ, ಅತ್ತೆ," ಎಂದಳು ಸೊಸೆ ಉಮಾ.

"ಹಾಕ್ಲಿ."

ಉಮಾ ಬಿಡಲಿಲ್ಲ. ಹಿಂದೊಮ್ಮೆ ಪೇಟೆಯವರು ಜೀಪಿನಲ್ಲಿ ಬಂದು, ಅಕ್ಕತಂಗಿಯರನ್ನು ಅಂಗಳದಲ್ಲಿ ಕೂರಿಸಿ, ಈ ಹಾಡನ್ನು ವಿಡಿಯೋ ಮಾಡಿಕೊಂಡು ಹೋಗಿದ್ದರು. ಅವರು ಕಳಿಸಿದ ಡಿವಿಡಿ ಟ್ರಂಕಿನ ತಳದಲ್ಲಿತ್ತು. ಪಕ್ಕದ ಮನೆಯ ಅಟ್ಟದಿಂದ ಉಮಾ ಹಳೇ ಪ್ಲೇಯರ್ ಇಳಿಸಿ ತಂದಳು.

ಅವರ ಹಳೇ ಟಿವಿಯ ಬೆನ್ನಲ್ಲಿದ್ದದ್ದು ಎರಡೇ ತೂತು: ಚಿತ್ರಕ್ಕೆ ಹಳದಿ, ಧ್ವನಿಗೆ ಬಿಳಿ. ಎರಡರಲ್ಲೂ ಡಿಶ್ ಪೆಟ್ಟಿಗೆಯ ಪಿನ್ನುಗಳು ಕೂತಿದ್ದವು. ಗಂಗಿಯ ಮಗ ಮಾಸ್ತಿ ಕಬಡ್ಡಿ ನೋಡುತ್ತಿದ್ದ.

"ಡಿಶ್ಶಿಂದು ತೆಗೀತೆ," ಎಂದಳು ಉಮಾ.

"ಇನ್ನೈದು ನಿಮಿಷ, ಮಾರಾಯ್ತಿ!"

"ಕಬಡ್ಡಿ ನಾಳೆನೂ ಇರ್ತದೆ. ಮಗಳ ಅರಿಶಿನ ಒಂದೇ ಸಲ."

ಟಿವಿಯ ಹಿಂದೆ ತೂರಿಕೊಂಡು, ಧೂಳಿನಲ್ಲಿ ಕಣ್ಣು ಕಾಣದೆ, ಉಮಾ ಪ್ಲೇಯರಿನ ಮೂರು ಪಿನ್ನುಗಳಲ್ಲಿ ಕೈಗೆ ಸಿಕ್ಕಿದ ಎರಡನ್ನು ಚುಚ್ಚಿದಳು. ತೆರೆಯ ಮೇಲೆ ಅಂಗಳ ಬಂತು. ಅಕ್ಕ ಬಂದಳು. ಅಕ್ಕನ ತುಟಿ ಆಡಿತು, ಸದ್ದಿಲ್ಲ. ಆಮೇಲೆ ಕೇಳಿದ್ದು ಗಂಗಿಯದೇ ದನಿ.

"ನಾ ಎಂತಕ್ಕೆ? ನಾ ಈಗ್ಲೂ ಇಲ್ಲೇ ಇದ್ದೆ! ಅಕ್ಕ ಎಲ್ಲಿ?" ಎಂದಳು ಗಂಗಿ.

ಮಾಸ್ತಿ ಡಿವಿಡಿಯ ಡಬ್ಬಿ ತಿರುವಿ ಓದಿದ: "ಎಡ ಮೈಕು, ಹೆಂಗಸು ಒಂದು. ಬಲ ಮೈಕು, ಹೆಂಗಸು ಎರಡು."

ಹೆಸರಿಲ್ಲ. ಹಾಡು ಬೇಕಿತ್ತು ಅವರಿಗೆ, ಹಾಡಿದವರು ಬೇಕಿರಲಿಲ್ಲ. ಸಂತೆಯ ಎಮ್ಮೆಗೂ ಹೆಸರು ಕೇಳಿ ಕೊಳ್ಳುತ್ತಾರೆ.

"ಎಡದ ಧ್ವನಿ ಬಿಳೀ ಪಿನ್ನು, ಬಲದ್ದು ಕೆಂಪು," ಎಂದ ಮಾಸ್ತಿ. "ನೀ ಕೆಂಪು ಹಾಕಿದ್ದೆ. ತೆಗೆದು ಬಿಳೀದು ಹಾಕು."

ಉಮಾ ಬದಲಿಸಿದಳು. ತೂತು ಸಡಿಲ, ಕೈ ಬಿಟ್ಟರೆ ಧ್ವನಿ ಹೋಗುತ್ತಿತ್ತು. ಒತ್ತಿ ಹಿಡಿದಳು.

"ಎಣ್ಣೆ ಹಚ್ಚೋ ಕೈಯ್ಯಿ ಯಾರದೇ ತಂಗೀ..."

ಸಣ್ಣಮ್ಮನ ದನಿ, ಎಲೆ ಅಡಿಕೆ ಜಗಿದ ಅದೇ ಒರಟು ದನಿ, ಮನೆ ತುಂಬಿತು. ಆಮೇಲೆ ಮೌನ. ತೆರೆಯ ಮೇಲಿನ ಗಂಗಿಯ ಬಾಯಿ ಸುಮ್ಮನೆ ಆಡಿತು.

"ಅವ್ವಿ, ಎರಡು ಪಿನ್ನು ಒಂದು ಮಾಡೋ ವಾಯರ್ ಕುಮಟೆಲಿ ಸಿಕ್ತದೆ," ಎಂದ ಮಾಸ್ತಿ. "ನಾಳೆ ತತ್ತೆ. ಇಬ್ರದ್ದೂ ಕೇಳ್ತದೆ."

ಗಂಗಿ ಅವನತ್ತ ನೋಡಲಿಲ್ಲ. ತೆರೆಯ ಮೇಲೆ ಅಕ್ಕ ಕಾಯುತ್ತಿದ್ದಳು, ತಂಗಿ ತಡಮಾಡಿದಾಗಿನಂತೆಯೇ ಹುಬ್ಬೆತ್ತಿ. ಮೊದಲ ಕೇಳಿಕೆ ಎರಡು ಸಲ ಬರುವ ಹಾಡು ಅದು; ಅಕ್ಕ ಇನ್ನೊಮ್ಮೆ ಕೇಳಿದಳು:

"ಎಣ್ಣೆ ಹಚ್ಚೋ ಕೈಯ್ಯಿ ಯಾರದೇ ತಂಗೀ..."

"ತಲೆಯ ಬಾಚಿದ ನನ್ನ ಅಕ್ಕನ ಕೈಯೇ..."

ಗಂಗಿಯ ಬಾಯಿಂದ ತಾನಾಗಿ ಹೊರಟಿತು. ಮೊದಲು ನಡುಗಿತು, ಎರಡನೇ ಸಾಲಿಗೆ ನೆಟ್ಟಗಾಯಿತು. ಅಕ್ಕ ಕೇಳಿದಳು, ತಂಗಿ ಎತ್ತಿಕೊಂಡಳು. ಹನ್ನೆರಡು ಕೇಳಿಕೆ, ಹನ್ನೆರಡು ಉತ್ತರ. ಒಂದೂ ತಪ್ಪಲಿಲ್ಲ.

ಹಾಡು ಮುಗಿದಾಗ ಟಿವಿಯ ಹಿಂದಿನಿಂದ ಉಮಾ ಕೇಳಿದಳು: "ನಾಡಿದ್ದು ಇದನ್ನೇ ಹಾಕುವನ, ಅತ್ತೆ? ವಾಯರ್ ತರ್ಸುದಾ?"

"ವಾಯರ್ ಬ್ಯಾಡ. ಆ ಕೆಂಪು ಪಿನ್ನು ಹಾಂಗೇ ನೇತಾಡ್ಲಿ," ಗಂಗಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಡಿದ್ದೂ ಅದ್ರ ಕೆಲ್ಸಕ್ಕೆ ನಾ ಇದ್ದೆ. ನೀ ಬಿಳೀದು ಒತ್ತಿ ಹಿಡ್ಕ, ಆತಾ?"