ಬಾಟ್ಲಿ ಮಾವನ ನೀಲಿ ಬಟ್ಟೆ

ಆ ಪ್ರಯೋಗಾಲಯದಲ್ಲಿ ದೊಡ್ಡ ಓದು ಓದಿದವರು ಹದಿನಾಲ್ಕು ಮಂದಿ ಇದ್ದರು. ಆ ಹದಿನಾಲ್ಕೂ ಮಂದಿ ಹೆದರುತ್ತಿದ್ದುದು ಮಾತ್ರ ಏಳನೇ ತರಗತಿಗೇ ಶಾಲೆಗೆ ಕೈಮುಗಿದು ಬಂದಿದ್ದ ಒಬ್ಬನಿಗೆ. ಅವನು ಅಲ್ಲಿಯ ಗಾಜಿನ ಸಾಮಾನು ತೊಳೆಯುವವನು. ಎಲ್ಲರೂ ಕರೆಯುತ್ತಿದ್ದುದು ಬಾಟ್ಲಿ ಮಾವ ಎಂದು. ಮೂವತ್ತೊಂದು ವರ್ಷದಿಂದ ಅದೇ ತೊಟ್ಟಿ, ಅದೇ ಮೂಲೆ. ಯಾರಾದರೂ ಬಾಟಲಿ ತಂದು ಠಕ್ಕೆಂದು ಕುಕ್ಕಿದರೆ ಕನ್ನಡಕದ ಮೇಲಿನಿಂದ ಒಂದು ನೋಟ ನೋಡುತ್ತಿದ್ದ. ಮರುದಿನದಿಂದ ಅವರು ಮಗುವನ್ನು ಮಲಗಿಸಿದ ಹಾಗೆ ಇಡುತ್ತಿದ್ದರು.

ಒಮ್ಮೆ ಮೇಲಿನವರು, ಪಾಪ ವಯಸ್ಸಾಯಿತು, ಕೈಗೆ ಬಿಡುವು ಸಿಗಲಿ ಎಂದು ತೊಳೆಯುವ ಯಂತ್ರವನ್ನೇ ತರಿಸಿದರು. ಅದರಿಂದ ಹೊರಬಂದ ಮೊದಲ ಬಾಟಲಿಯನ್ನು ಮಾವ ಕಿಟಕಿಯ ಬೆಳಕಿಗೆ ಹಿಡಿದ. ಕತ್ತಿನ ಹತ್ತಿರ ಸಾಸಿವೆ ಕಾಳಿನಷ್ಟು ಬಿಳಿ ಗುರುತು ಇತ್ತು.

"ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಅಂತಾರೆ. ಇದು ಆಳೂ ಅಲ್ಲ, ಕರೆಂಟಿನ ಡಬ್ಬ," ಎಂದ.

ಆ ಯಂತ್ರದೊಳಗೆ ಈಗ ಎಲ್ಲರ ಕೊಡೆಗಳಿವೆ.

ಮಾವನ ನಿವೃತ್ತಿಗೆ ಇನ್ನು ಎಂಟೊಂಬತ್ತು ತಿಂಗಳು ಇದೆ ಎನ್ನುವಾಗ ಡಾಕ್ಟರಮ್ಮ ಬಂದಳು. ರೋಗಿಗಳ ನಾಡಿ ಹಿಡಿಯುವ ಡಾಕ್ಟರಲ್ಲ, ಸಂಶೋಧನೆ ಮಾಡಿ ಆ ಹೆಸರು ಗಳಿಸಿದವಳು. ಮನುಷ್ಯರ ರಕ್ತದಲ್ಲಿ ಪ್ಲಾಸ್ಟಿಕ್ ಪುಡಿ ಎಷ್ಟು ಸೇರಿದೆ ಎಂದು ಹುಡುಕುವುದು ಅವಳ ಕೆಲಸ. ಸುತ್ತಮುತ್ತಲ ಅರವತ್ತು ಜನ ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ ರಕ್ತ ಕೊಡಲು ಒಪ್ಪಿದ್ದರು. ಮಾವನ ಸೊಸೆಯೂ ಅವರಲ್ಲಿ ಒಬ್ಬಳು, ಮೂವತ್ತೆಂಟನೆಯವಳು. ಒಬ್ಬೊಬ್ಬರಿಗೂ ಒಂದೊಂದು ಗಾಜಿನ ಬಾಟಲಿ, ಅದರ ಮೇಲೆ ಕೆತ್ತಿದ ಸಂಖ್ಯೆ. ಅವುಗಳ ಜೊತೆ ಇನ್ನೂ ಹತ್ತು ಬಾಟಲಿಗಳು. ಅವುಗಳ ಮೇಲೆ "ಖಾಲಿ" ಎಂದು ಕೆತ್ತಿತ್ತು. ಬಾಟಲಿಯಲ್ಲಿ ರಕ್ತವನ್ನು ಮದ್ದು ಹಾಕಿ ಕರಗಿಸಿ, ಸೋಸಿ, ಸೋಸುವ ಹಾಳೆಯ ಮೇಲೆ ಉಳಿದದ್ದನ್ನು ಅವಳು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಿದ್ದಳು.

ಮೊದಲ ದಿನವೇ ಅವಳು ಮಾವನ ಮೂಲೆಗೆ ಬಂದು ನಿಯಮ ಹೇಳಿದಳು. ಸೋಪು, ನಲ್ಲಿ ನೀರು, ಆಮೇಲೆ ಮೂರು ಸಲ ಶುದ್ಧ ನೀರು, ಬೋರಲು ಹಾಕಿ ಬಿಸಿ ಪೆಟ್ಟಿಗೆಯಲ್ಲಿ ಒಣಗಿಸುವುದು. "ಒರೆಸೋದು ಬೇಡ ಮಾವ, ತಾನಾಗೇ ಒಣಗಲಿ," ಎಂದಳು.

ಮಾವ ತಲೆಯಾಡಿಸಿದ. ಮೂವತ್ತು ವರ್ಷ ನೀರಲ್ಲಿ ಕೈ ನೆನೆಸಿದವನಿಗೆ ನಿನ್ನೆ ಬಂದವಳು ಪಾಠ ಹೇಳುವಾಗ ತಲೆಯಾಡಿಸುವುದೇ ದೊಡ್ಡತನ ಎಂದುಕೊಂಡ. ಒಣಗಿದ ಬಾಟಲಿಗಳ ಕತ್ತಿನಲ್ಲಿ ಅದೇ ಬಿಳಿ ಗುರುತು. ಅದನ್ನು ಹಾಗೆಯೇ ಬಿಟ್ಟು ಮನೆಗೆ ಹೋದರೆ ಊಟ ಸೇರುವುದಾದರೂ ಹೇಗೆ? ಅವನ ಜೇಬಿನಲ್ಲಿ ಒಂದು ಬಟ್ಟೆ ಇತ್ತು. ಮೊಲದ ಮೈಯಷ್ಟು ಮೆತ್ತಗೆ, ಒಂದು ಸಲ ಸವರಿದರೆ ಗಾಜು ಇದೆಯೋ ಇಲ್ಲವೋ ಅನ್ನಿಸಬೇಕು. ಅದು ಸೊಸೆ ಕೊಟ್ಟ ಉಡುಗೊರೆ. "ಹಳೇ ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಮಾಡಿದ್ದಂತೆ ಮಾವ. ಬಾಟ್ಲಿ ಒರೆಸೋಕೆ ಬಾಟ್ಲಿದೇ ಬಟ್ಟೆ," ಎಂದು ನಗುತ್ತಾ ಕೊಟ್ಟಿದ್ದಳು. ಕಸವಾಗಿ ಬಿದ್ದದ್ದು ಮತ್ತೆ ಕೆಲಸಕ್ಕೆ ಬಂತಲ್ಲ ಎಂದು ಮಾವನಿಗೂ ಅದರ ಮೇಲೆ ಅಭಿಮಾನ. ಎರಡು ಬೆರಳಿಗೆ ಸುತ್ತಿಕೊಂಡು ಪ್ರತಿ ಬಾಟಲಿಯ ಬಾಯೊಳಗೆ ಒಂದು ಸುತ್ತು. ಜನ ತಮ್ಮ ಮೈಯ ರಕ್ತ ಕೊಡುತ್ತಾರೆ, ಅದನ್ನು ಕಲೆಯಿದ್ದ ಪಾತ್ರೆಯಲ್ಲಿ ಹಿಡಿಯುವುದೇ? ಅದು ಅವನ ಮಟ್ಟಿಗೆ ಮರ್ಯಾದೆಯ ಪ್ರಶ್ನೆ.

ಖಾಲಿ ಎಂದು ಬರೆದ ಹತ್ತಕ್ಕೆ ಮಾತ್ರ ಆ ಉಪಚಾರ ಇರಲಿಲ್ಲ. ಅವುಗಳಿಗೆ ಬರೀ ನೀರು ತುಂಬುವುದನ್ನು ಅವನೇ ನೋಡಿದ್ದ. ಯಾರದ್ದೂ ಅಲ್ಲದ ಬಾಟಲಿಗೆ ಯಾಕೆ ಅಲಂಕಾರ ಎಂದು ಹಾಗೆಯೇ ಬಿಟ್ಟಿದ್ದ.

ಎಂಟು ತಿಂಗಳಾಯಿತು. ಪ್ರಯೋಗಾಲಯದಲ್ಲಿ ಗುಸುಗುಸು ಎದ್ದಿತು. ಅರವತ್ತು ಜನರ ರಕ್ತದಲ್ಲೂ ಪ್ಲಾಸ್ಟಿಕ್ ಎಳೆ ಸಿಕ್ಕಿದೆಯಂತೆ, ಒಬ್ಬರನ್ನೂ ಬಿಟ್ಟಿಲ್ಲವಂತೆ. ಮಾವ ಸುದ್ದಿಯನ್ನು ಬಿಸಿಬಿಸಿಯಾಗಿ ಮನೆಗೆ ಹೊತ್ತೊಯ್ದ. ಹೊತ್ತೊಯ್ದವನು ಸುಮ್ಮನಿರಲಿಲ್ಲ, ವಿಜ್ಞಾನಿಯೇ ಆಗಿಬಿಟ್ಟ. ಅಡುಗೆಮನೆಯ ಕಪಾಟಿನ ಮುಂದೆ ನಿಂತು ಹೆಂಡತಿ ಮದುವೆಯಾದಾಗಿನಿಂದ ಕೂಡಿಟ್ಟ ಡಬ್ಬಗಳನ್ನು ಒಂದೊಂದಾಗಿ ಇಳಿಸಿದ.

"ರೀ, ಆ ಹಳದಿ ಮುಚ್ಚಳದ್ದು ಬಿಡ್ರಿ. ಅದು ನಮ್ಮಕ್ಕ ಕೊಟ್ಟಿದ್ದು."

"ಅಕ್ಕ ಕೊಟ್ಟಿದ್ದು ಡಬ್ಬ ಅಲ್ಲ ಕಣೇ, ವಿಷ. ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಡಬ್ಬ, ಬಾಚಣಿಗೆ, ಬಕೆಟ್ಟು, ಮೊರ ಎಲ್ಲವೂ ಗುಜರಿಯವನ ಗಾಡಿ ಏರಿದವು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಮಾತಾಡಲಿಲ್ಲ. ಮಾತಾಡದೆ ಇರುವುದು ಅವಳ ಲೆಕ್ಕದಲ್ಲಿ ಮುಂದಕ್ಕೆ ಹಾಕಿದ ಮಾತು.

ಅದೆಲ್ಲ ನಗುವ ವಿಷಯ. ನಗು ಬಾರದ್ದು ಸೊಸೆಯ ವಿಷಯ. ಅವಳಿಗೆ ಆಗ ಐದು ತಿಂಗಳು. ಸುದ್ದಿ ಕೇಳಿದಾಗಿನಿಂದ ತಟ್ಟೆಯ ಮುಂದೆ ಕೂತು ತುತ್ತು ಕಲಸುತ್ತಿದ್ದಳೇ ಹೊರತು ಬಾಯಿಗೆ ಇಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಮಾವ ಕೆಲಸಕ್ಕೆ ಹೊರಟಾಗ ಚಪ್ಪಲಿಯ ಹತ್ತಿರ ಬಂದು ನಿಂತಳು.

"ಮಾವ, ನನ್ನ ರಕ್ತದಲ್ಲಿ ಇದೆ ಅಂದ್ರೆ ಮಗುಗೂ ಹೋಗಿರತ್ತಾ?"

ಮನೆಯಲ್ಲಿ ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿದ್ದ ವಿಜ್ಞಾನಿ ಚಪ್ಪಲಿಯ ಪಟ್ಟಿಯನ್ನು ಬಿಚ್ಚಿ ಮತ್ತೆ ಹಾಕಿಕೊಂಡು, ಡಾಕ್ಟರಮ್ಮನನ್ನು ಕೇಳಿಕೊಂಡು ಬರುವುದಾಗಿ ಹೇಳಿ ಹೊರಟ.

ಅದು ಬುಧವಾರ. ಶುಕ್ರವಾರ ಡಾಕ್ಟರಮ್ಮನ ವರದಿ ವಿಜ್ಞಾನದ ಪತ್ರಿಕೆಗೆ ಹೋಗುವುದಿತ್ತು. ಅದೇ ಸಂಜೆ ಮಾವನ ಬೀಳ್ಕೊಡುಗೆ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಬಾಟಲಿ ಕೊಳಕಾಗಿ ಹೋಗಲಿಲ್ಲ ಎಂದು ದೊಡ್ಡ ಸಾಹೇಬರು ಭಾಷಣ ಬರೆದಿಟ್ಟಿದ್ದಾರೆ ಎಂಬುದು ಮಾವನ ಕಿವಿಗೂ ಬಿದ್ದಿತ್ತು. ಆ ಸಾಲನ್ನು ಅವನು ಮನಸ್ಸಿನಲ್ಲೇ ನಾಲ್ಕಾರು ಸಲ ಕೇಳಿಸಿಕೊಂಡೂ ಇದ್ದ.

ಡಾಕ್ಟರಮ್ಮ ಗೋಡೆಗೆ ಒಂದು ದೊಡ್ಡ ಚಿತ್ರ ಅಂಟಿಸುತ್ತಿದ್ದಳು. ಬಿಳಿಯ ಹಾಳೆಯ ನಡುವೆ ಒಂದು ಎಳೆ, ಎಷ್ಟೋ ನೂರು ಪಾಲು ಹಿಗ್ಗಿಸಿದ್ದು. ಹಗ್ಗದಷ್ಟು ದಪ್ಪ ಕಾಣುತ್ತಿತ್ತು.

"ಬನ್ನಿ ಮಾವ, ನೋಡಿ. ಎಲ್ಲರ ರಕ್ತದಲ್ಲೂ ಇದೇ."

ಎಳೆ ನೀಲಿ ಇತ್ತು. ಅಂತಿಂಥ ನೀಲಿಯಲ್ಲ, ತೊಳೆದು ತೊಳೆದು ಒಂಚೂರು ಬಿಳುಚಿದ ನೀಲಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾವನ ಕೈ ತಾನಾಗಿ ಜೇಬಿಗೆ ಹೋಯಿತು.

"ಇದು... ಹೊರಗಿಂದ, ಅಂದ್ರೆ ಬಾಟ್ಲಿಯಿಂದ ಬಂದಿರಬಹುದಲ್ವೇನಮ್ಮಾ?"

"ಅದಕ್ಕೇ ಅಲ್ವಾ ಖಾಲಿ ಬಾಟ್ಲಿ ಇಟ್ಟಿರೋದು. ಕಸ ನಮ್ಮ ಕಡೆಯಿಂದ ಬಂದಿದ್ರೆ ಅವುಗಳಲ್ಲೂ ಸಿಗಬೇಕಿತ್ತು. ಎಂಟು ತಿಂಗಳಲ್ಲಿ ಅವುಗಳಲ್ಲಿ ಒಂದು ಎಳೆನೂ ಇಲ್ಲ. ನನಗೆ ಧೈರ್ಯ ಇರೋದೇ ಅದರಿಂದ," ಎಂದು ಅವಳು ಚಿತ್ರದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದಳು.

ಮಾವ ತನ್ನ ಮೂಲೆಗೆ ಬಂದು ಸ್ಟೂಲಿನ ಮೇಲೆ ಕೂತ. ಆ ದಿನ ಯಾರೋ ಬಾಟಲಿಯನ್ನು ಠಕ್ಕೆಂದು ಇಟ್ಟರೂ ತಲೆ ಎತ್ತಲಿಲ್ಲ.

ಹೇಳಿದರೆ ಅವಳ ಎಂಟು ತಿಂಗಳು ನೀರುಪಾಲು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದೊಣ್ಣೆ ತಾನೇ. ತನ್ನ ಹೆಸರು? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಹೇಳದಿದ್ದರೆ ಎರಡು ದಿನ, ಆಮೇಲೆ ಮನೆ, ಯಾರು ಕೇಳುತ್ತಾರೆ? ಬಟ್ಟೆಯನ್ನು ಒಲೆಗೆ ಹಾಕಿದರೆ ಮುಗಿಯಿತು. ಹೀಗೆ ಲೆಕ್ಕ ಹಾಕುತ್ತಾ ಮನೆಗೆ ಬಂದವನನ್ನು ಸೊಸೆ ಬಾಗಿಲಲ್ಲೇ ಹಿಡಿದಳು.

"ಕೇಳಿದ್ರಾ ಮಾವ? ಏನಂದ್ರು?"

ಆ ಮುಖ ನೋಡಿದ ಮೇಲೆ ಮಾವನ ಲೆಕ್ಕವೆಲ್ಲ ಕಲಸಿಹೋಯಿತು. ಜೇಬಿನಿಂದ ಬಟ್ಟೆ ತೆಗೆದು ಮೇಜಿನ ಮೇಲಿಟ್ಟ. ಹೆಂಡತಿಯೂ ಬಂದು ನಿಂತಳು. ಅವನು ಎಲ್ಲವನ್ನೂ ಹೇಳಿದ, ಒರೆಸಿದ್ದು, ಖಾಲಿಯನ್ನು ಒರೆಸದೆ ಬಿಟ್ಟಿದ್ದು, ಗೋಡೆಯ ಮೇಲಿನ ನೀಲಿ. ಸೊಸೆ ಮೊದಲು ಅರ್ಥವಾಗದೆ ನೋಡಿದಳು, ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತು ಅತ್ತಳು. ಅತ್ತು ಮುಗಿದ ಮೇಲೆ ಹಸಿವಾಗುತ್ತಿದೆ ಎಂದಳು.

ಹೆಂಡತಿ ಅವಳಿಗೆ ತಟ್ಟೆ ಹಾಕಿ ಗಂಡನ ಕಡೆ ತಿರುಗಿದಳು.

"ಅಂದ್ರೆ ನನ್ನ ಡಬ್ಬಗಳು ಏನೂ ತಪ್ಪು ಮಾಡಿರ್ಲಿಲ್ಲ."

"ಹಾಗೆ ಹೇಳೋಕಾಗಲ್ಲ ಕಣೇ, ಅದೂ..."

"ಹಳದಿ ಮುಚ್ಚಳದ್ದು ನಮ್ಮಕ್ಕ ಕೊಟ್ಟಿದ್ದು. ಈಗ ಅದನ್ನೂ ಕರಗಿಸಿ ಯಾರದೋ ಜೇಬಿಗೆ ಬಟ್ಟೆ ಮಾಡಿರ್ತಾರೆ." ಅವಳು ಸೊಸೆಯ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿ, "ನಾಳೆ ಬೇಗ ಹೋಗಿ ಆ ಹುಡುಗಿಗೆ ಹೇಳ್ರಿ. ಅವಳು ಇನ್ನೂ ನಾಲ್ಕು ಜನರ ಮುಂದೆ ಹೋಗಿ ನಿಲ್ಲೋ ಮುಂಚೆ," ಎಂದಳು.

ಮರುದಿನ ಪ್ರಯೋಗಾಲಯದ ಬಾಗಿಲು ತೆರೆಯುವ ಮೊದಲೇ ಮಾವ ಮೆಟ್ಟಿಲ ಮೇಲಿದ್ದ. ಡಾಕ್ಟರಮ್ಮ ಬಂದಳು. ಮಾವ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತೆಲ್ಲ ಮರೆತು ಬಟ್ಟೆಯನ್ನು ಮುಂದೆ ಚಾಚಿದ.

"ಒರೆಸಬೇಡಿ ಅಂದಿದ್ರಿ. ಒರೆಸಿದೆ. ನಂಬರ್ ಇದ್ದಿದ್ದನ್ನೆಲ್ಲ ಒರೆಸಿದೆ. ಖಾಲಿದು ಮಾತ್ರ ಬಿಟ್ಟೆ."

ಅವಳು ಬಟ್ಟೆಯನ್ನು ಚಿಮಟದಿಂದ ಹಿಡಿದು ಒಳಗೆ ಒಯ್ದಳು. ಒಂದು ಎಳೆ ಕಿತ್ತು ಗಾಜಿನ ಮೇಲಿಟ್ಟು ನೋಡಿದಳು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಬಾಗಿಲ ಬಳಿ ನಿಂತಿದ್ದ ಮಾವ ಅವಳ ಬೆನ್ನನ್ನೇ ನೋಡುತ್ತಿದ್ದ. ಬೈದರೆ ಸಾಕು, ಬೈದುಬಿಡಲಿ ಎಂದು ಅವನಿಗೆ ಅನ್ನಿಸಿತು.

"ಖಾಲಿದನ್ನ ಯಾಕೆ ಬಿಟ್ರಿ ಮಾವ?" ಎಂದು ಕೊನೆಗೆ ಕೇಳಿದಳು.

"ಅದು ಯಾರದ್ದೂ ಅಲ್ವಲ್ಲಮ್ಮಾ. ಉಳಿದಿದ್ದು ಜನ ಮೈಯಿಂದ ಕೊಟ್ಟಿದ್ದು. ಚೆನ್ನಾಗಿರ್ಲಿ ಅಂತ..."

ಅವಳು ತಿರುಗಿದಳು. ಕಣ್ಣು ಒದ್ದೆಯಾಗಿತ್ತು, ತುಟಿಯ ಮೂಲೆಯಲ್ಲಿ ನಗುವೂ ಇತ್ತು. ಎರಡರಲ್ಲಿ ಯಾವುದನ್ನು ನಂಬಬೇಕೋ ಮಾವನಿಗೆ ತಿಳಿಯಲಿಲ್ಲ.

"ತೊಳೆಯೋಕೆ ಮುಂಚೆನೇ ಯಾವುದು ಯಾರದು ಅಂತ ಕೆತ್ತಿಸಿಟ್ಟಿದ್ದು ನಾನು. ಖಾಲಿ ಬಾಟ್ಲಿ ಯಾತಕ್ಕೆ ಅಂತ ಹದಿನಾಲ್ಕು ಜನಕ್ಕೂ ಹೇಳಿದೆ. ಅದನ್ನ ದಿನಾ ಕೈಯಲ್ಲಿ ಹಿಡಿಯೋ ನಿಮಗೆ ಹೇಳಲಿಲ್ಲ." ಎದ್ದು ಹೋಗಿ ಗೋಡೆಯ ಚಿತ್ರವನ್ನು ಕಿತ್ತಳು. "ನಿವೃತ್ತಿ ಮೂರು ತಿಂಗಳು ಮುಂದೆ ಹಾಕ್ತೀರಾ?"

ಶುಕ್ರವಾರ ವರದಿ ಹೋಗಲಿಲ್ಲ, ಭಾಷಣವೂ ಆಗಲಿಲ್ಲ. ದೊಡ್ಡ ಸಾಹೇಬರು ತಮ್ಮ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡಾಗ ಮಾವ ಬೇರೆ ಕಡೆ ನೋಡಿದ. ನೋವಾಯಿತು, ಸುಳ್ಳು ಯಾಕೆ ಹೇಳಬೇಕು.

ಅರವತ್ತು ಜನರಿಗೂ ಮತ್ತೆ ಕಾಗದ ಬರೆದರು. ಬೈದುಕೊಂಡಾದರೂ ಐವತ್ತೇಳು ಜನ ಬಂದರು. ಬಾಟಲಿಗಳ ಸಂಖ್ಯೆಯನ್ನು ಉಜ್ಜಿ ಅಳಿಸಿ, ತೊಳೆದು ಒಣಗಿಸಿದ ಮೇಲೆ ಚೀಟಿ ಎತ್ತಿ ಯಾವುದು ಯಾರದೆಂದು ಹಂಚಿ ಸಂಖ್ಯೆ ಅಂಟಿಸಿದರು, ಖಾಲಿಯನ್ನೂ ಸೇರಿಸಿ. ಮಾವ ತೊಳೆದು ಬೋರಲು ಹಾಕುತ್ತಿದ್ದ. ಒಣಗುವ ಹೊತ್ತಿಗೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾರಿಡಾರಿನಲ್ಲಿ ತಿರುಗುತ್ತಿದ್ದ. ಕಪಾಟಿನ ತುಂಬ ಕತ್ತಿನಲ್ಲಿ ಬಿಳಿ ಗುರುತಿದ್ದ ಬಾಟಲಿಗಳು. ಆ ಕಡೆ ಮುಖ ಹಾಕಲಾರದೆ ಕನ್ನಡಕ ತೆಗೆದಿಟ್ಟು ಓಡಾಡುತ್ತಿದ್ದಾನೆ ಎಂದು ಉಳಿದವರು ನಗುತ್ತಿದ್ದರು. ಒಬ್ಬರಾದರೂ ಬಾಟಲಿಯನ್ನು ಠಕ್ಕೆಂದು ಇಡಲಿಲ್ಲ.

ಮೂರನೇ ತಿಂಗಳ ಕೊನೆಗೆ ಡಾಕ್ಟರಮ್ಮ ಅವನನ್ನು ಕರೆದಳು. ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.

"ನೀಲಿ ಪೂರಾ ಹೋಯ್ತು ಮಾವ. ಒಂದೂ ಇಲ್ಲ."

ಮಾವನ ಎದೆ ಹಗುರಾಯಿತು. ಕಣ್ಣು ಕಿರಿದು ಮಾಡಿ ಒಳಗೆ ನೋಡಿದ. ಬಿಳಿಯ ಹಾಳೆ ಸ್ವಚ್ಛವಾಗಿತ್ತು. ಇನ್ನೊಂದು ಸಲ ನೋಡಿದಾಗ ಅಂಚಿನಲ್ಲಿ ಎರಡು ಚೂರು ಕಂಡವು, ಬಣ್ಣವಿಲ್ಲದವು, ಉಪ್ಪಿನ ಹರಳಿನ ಮುರುಕಿನ ಹಾಗೆ.

"ಇವೇನು?"

"ಪ್ಲಾಸ್ಟಿಕ್ಕೇ. ಬೇರೆ ಜಾತಿದು. ಅರ್ಧಕ್ಕಿಂತ ಕಮ್ಮಿ ಜನರಲ್ಲಿ ಸಿಕ್ಕಿದೆ, ಖಾಲಿ ಬಾಟ್ಲಿಗಳಲ್ಲಿ ಇಲ್ಲ. ಇವು ಮೈಗೆ ಏನು ಮಾಡ್ತವೆ ಅಂತ ನನಗೆ ಇನ್ನೂ ಗೊತ್ತಿಲ್ಲ."

"ಇದು ಯಾರದು?"

"ಮೂವತ್ತೆಂಟು. ನಿಮ್ಮ ಸೊಸೆನೇ ಬಂದು ತಮ್ಮದು ಏನಾಯ್ತು ಅಂತ ಕೇಳಿದ್ರು. ನಿಮಗೆ ತೋರಿಸಿ ಅಂದ್ರು," ಎಂದಳು.

ಮಾವ ಮತ್ತೆ ಬಗ್ಗಿ ನೋಡಿದ. ಚೂರುಗಳು ಅಲ್ಲೇ ಇದ್ದವು. ತನ್ನ ತಪ್ಪನ್ನು ಬಚ್ಚಿಡಲು ಒಂದು ಇಡೀ ದಿನ ದಾರಿ ಹುಡುಕಿದ್ದವನು ಈಗ ಜೇಬು ತಡಕಿದ, ಅಂಗಿಯ ತೋಳು ತಿರುಗಿಸಿ ನೋಡಿದ, ಅಂಗೈಗಳನ್ನು ಬೆಳಕಿಗೆ ಹಿಡಿದ.

"ಸರಿಯಾಗಿ ನೋಡಿಯಮ್ಮಾ. ಇದೂ ನನ್ನಿಂದಲೇ ಆಗಿರಬೇಕು. ತೊಳೆಯೋವಾಗ ಏನೋ ಬಿಟ್ಟಿರ್ತೀನಿ, ವಯಸ್ಸಾಯ್ತು."

"ಇಲ್ಲ ಮಾವ," ಎಂದು ಅವಳು ಮೆಲ್ಲಗೆ ಹೇಳಿದಳು. "ಈ ಸಲ ನಿಮ್ಮದೇನೂ ತಪ್ಪಿಲ್ಲ."

ಮಾವ ಎದ್ದು ತನ್ನ ಮೂಲೆಗೆ ಹೋದ. ಮೂವತ್ತೆಂಟು ಎಂದು ಅಂಟಿಸಿದ್ದ ಬಾಟಲಿ ತೊಟ್ಟಿಯಲ್ಲಿ ಕಾದಿತ್ತು. ಸೋಪು, ನಲ್ಲಿ ನೀರು, ಶುದ್ಧ ನೀರು ಒಂದು, ಎರಡು, ಮೂರು. ನಿಯಮ ಅಲ್ಲಿಗೆ ಮುಗಿಯಿತು. ಅವನು ಇನ್ನೊಂದು ಸಲ ತೊಳೆದ, ಮತ್ತೊಂದು ಸಲ ತೊಳೆದ, ಆಮೇಲೆ ಬೋರಲು ಹಾಕಿ, ಒರೆಸದೆ, ಅದು ಒಣಗುವವರೆಗೂ ಹತ್ತಿರವೇ ನಿಂತಿದ್ದ.