ಅಲುಗದ ಅಂಕಿ

“ನಿಮ್ ಮೆಷಿನ್ ಸಖತ್ತಾಗಿದೆ ಸಾರ್. ಬೆಳಗ್ಗೆಯಿಂದ ಒಂದು ಪಾಯಿಂಟೂ ಆ ಕಡೆ ಈ ಕಡೆ ಆಗಿಲ್ಲ.”

ನರ್ಸ್ ಶಾಂತಾದೇವಿ ಇನ್‌ಕ್ಯುಬೇಟರಿನ ಬಾಗಿಲು ತೆರೆದು, ಗ್ಲೌಸ್ ಹಾಕಿದ ಕೈಯಲ್ಲಿ ಮಗುವಿನ ಒದ್ದೆ ಬಟ್ಟೆ ಬದಲಿಸುತ್ತಿದ್ದಳು. ಗುರುಸಿದ್ದ ಹೆಮ್ಮೆಯಿಂದ ನಕ್ಕ. ಜಯನಗರದ ಈ ನರ್ಸಿಂಗ್ ಹೋಮೇ ಆಗಬೇಕೆಂದು ಹಟ ಹಿಡಿದವನು ಅವನೇ. ಅವನ ಕಂಪನಿ ತಯಾರಿಸಿ ಪರೀಕ್ಷೆಗೆಂದು ಹೊರಗೆ ಕೊಟ್ಟ ಮೊದಲ ಯಂತ್ರ ಇಲ್ಲಿತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗಳು ಅದರೊಳಗೆ ಮಲಗಿದ್ದಳು. ಬಿಟಿಎಂನ ಅಕ್ಕಪಕ್ಕದ ಮನೆಯವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇಂಜಿನಿಯರನ ಪಾಡೂ ಅಷ್ಟೇ.

ನಗು ಅರ್ಧಕ್ಕೇ ನಿಂತಿತು. ಒಂದು ಪಾಯಿಂಟೂ ಇಲ್ಲವೇ? ಬದುಕಿರುವ ಮೈಯ ಬಿಸಿ ಹಾಗೆ ಕಲ್ಲಿನಂತೆ ಕೂರುವುದಿಲ್ಲ. ಪರದೆಯ ಮೇಲೆ ಮೂವತ್ತಾರೂವರೆ ಡಿಗ್ರಿ ಅಲುಗದೆ ನಿಂತಿತ್ತು.

ಜೆಪಿ ನಗರದ ಆಫೀಸಿನಲ್ಲಿ ಕೆಲಸ ಶುರುವಾದಾಗ ಮೈಬಿಸಿ ಅಳೆಯುವ ಸೆನ್ಸರುಗಳು ಹೊರದೇಶದಿಂದ ಬಂದಿರಲಿಲ್ಲ. ಅದಕ್ಕೆಂದೇ ಅವನು ಯಂತ್ರದ ಸಾಫ್ಟ್‌ವೇರಿನ ತಿರುಳಾದ ಕರ್ನೆಲ್ಲಿನೊಳಗೆ ಒಂದು ಸುಳ್ಳು ಸೆನ್ಸರಿನ ಡ್ರೈವರ್, ಅಂದರೆ ಸೆನ್ಸರಿನ ಬದಲು ತಾನೇ ಅಂಕಿ ಕೊಡುವ ಪ್ರೋಗ್ರಾಂ ಬರೆದಿದ್ದ. ಹೊರಗಿನಿಂದ ಒಂದು ಫೈಲಿಗೆ ಅಂಕಿ ಬರೆದರೆ ಸಾಕು, ಯಂತ್ರ ಅದನ್ನೇ ಮಗುವಿನ ಮೈಬಿಸಿ ಎಂದು ನಂಬುತ್ತಿತ್ತು. ಎಷ್ಟು ಸರಳ ಎಂದು ಎಲ್ಲರೂ ಭೇಷ್ ಅಂದಿದ್ದರು. ಜೊತೆಗೆ ಕೆಲಸ ಮಾಡುವ ಉಮಾಶ್ರೀ ಮಾತ್ರ, “ಸುಳ್ಳು ಅಂಕಿ ಓಡ್ತಿರೋವಾಗ ಸ್ಕ್ರೀನ್ ಮೇಲೆ ಕೆಂಪಗೆ ಏನಾದ್ರೂ ತೋರಿಸೋಣ ಗುರುಸಿದ್ದ,” ಎಂದಿದ್ದಳು.

“ಡೆಮೋದಾಗ ಚಂದ ಕಾಣಂಗಿಲ್ಲ ಬಿಡ್ರಿ,” ಎಂದು ಇವನು ತಳ್ಳಿಹಾಕಿದ್ದ. ಸಾಲದ್ದಕ್ಕೆ, ಸೆನ್ಸರ್ ಸಿಗದಿದ್ದರೆ ಡ್ರೈವರ್ ಸದ್ದಿಲ್ಲದೆ ಮೂವತ್ತಾರೂವರೆಯ ಸುಳ್ಳು ಅಂಕಿಗೆ ಜಾರಲಿ ಎಂದೂ ಬರೆದಿಟ್ಟ. ಟೆಸ್ಟಿಂಗಿನವರಿಗೆ ಅಲಾರಮ್ಮಿನ ಕಿರಿಕಿರಿ ತಪ್ಪಿತು. ನಿಜವಾದ ಸೆನ್ಸರ್ ಬಂದ ಸಂಭ್ರಮದಲ್ಲಿ ಅದನ್ನು ತೆಗೆಯುವುದನ್ನೇ ಮರೆತ.

ಯಂತ್ರದ ಹಿಂದೆ ಬಗ್ಗಿ ನೋಡಿದ. ಸೆನ್ಸರಿನ ವೈರು ಕಳಚಿ ಜೋತಾಡುತ್ತಿತ್ತು. ಮಗು ಬೆಚ್ಚಗಿದೆ ಎಂದು ನಂಬಿದ ಹೀಟರು ತನ್ನ ಪಾಡಿಗೆ ಆರಿ ಕೂತಿತ್ತು.

“ಸಿಸ್ಟರ್, ಕೂಸಿನ್ನ ಹೊರಗ ತೆಗೀರಿ!”

“ಯಾಕ್ ಸಾರ್? ನಾರ್ಮಲ್ ಇದೆಯಲ್ಲ?”

“ಅದು ಸುಳ್ಳ್ರೀ! ತೆಗೀರಿ!”

ಅವನ ಮುಖ ನೋಡಿ ಶಾಂತಾದೇವಿ ಬೇರೆ ಥರ್ಮಾಮೀಟರ್ ತಂದಳು. ಮೂವತ್ನಾಲ್ಕು ಕೂಡ ಇರಲಿಲ್ಲ. ಮಗುವನ್ನೆತ್ತಿ ಪಕ್ಕದ ಮಂಚದಲ್ಲಿದ್ದ ತಾಯಿ ವಿಜಯಲಕ್ಷ್ಮಿಯ ಎದೆಯ ಮೇಲೆ ಮಲಗಿಸಿ, ಕಂಬಳಿ ಹೊದಿಸಿ, ಡಾಕ್ಟರನ್ನು ಕೂಗುತ್ತಾ ಓಡಿದಳು.

ಓಡೋಡಿ ಬಂದ ಡಾಕ್ಟರು ಮಗುವಿನ ಉಸಿರು, ನಾಡಿ ನೋಡಿದರು. “ಹೀಗೇ ಅಪ್ಪಿಕೊಂಡಿರಮ್ಮ, ಬಿಡಬೇಡಿ. ಸದ್ಯ, ಈಗಲಾದ್ರೂ ಗೊತ್ತಾಯ್ತು,” ಎಂದು ಬೇರೆ ವಾರ್ಮರ್ ತರಿಸಲು ಹೋದರು.

ವಿಜಯಲಕ್ಷ್ಮಿ ಗಂಡನತ್ತ ತಿರುಗಿದಳು. “ಏನಾತ್ರಿ? ಎಲ್ಲಾ ಸರಿ ಐತಿ ಅಂತ ಸಿಸ್ಟರ್ ಈಗ ಹೇಳಿದ್ರಲ್ಲ?”

ಗುರುಸಿದ್ದ ಪರದೆಯತ್ತ ಕೈ ತೋರಿಸಿದ. “ಆ ನಂಬರ್ ಕೂಸಿಂದಲ್ಲ ವಿಜಿ. ನಾನ ಬರದಿಟ್ಟಿದ್ದು.”

ಅವಳು ಅವನನ್ನೇ ನೋಡಿದಳು. ಕಂಬಳಿಯಿಂದ ಹೊರಗೆ ಕಾಣುತ್ತಿದ್ದ ಪುಟ್ಟ ಪಾದವನ್ನು ಮುಟ್ಟಲು ಅವನು ಕೈ ಚಾಚಿದ. ಅವಳು ಆ ಪಾದವನ್ನು ಕಂಬಳಿಯೊಳಗೆ ಸೇರಿಸಿಕೊಂಡು, ಮಗುವಿನ ಸಮೇತ ಮೆಲ್ಲಗೆ ಗೋಡೆಯ ಕಡೆಗೆ ಹೊರಳಿದಳು.