ಮೊದಲ ದರ್ಜೆಯ ಕಿವಿ

ನಮ್ಮನೆಯವರು ರೈಲ್ವೆ ಎಂಜಿನ್ ಶೆಡ್ಡಿನಲ್ಲಿ ಫಿಟ್ಟರ್. ರಿಪೇರಿಯಾದ ಎಂಜಿನ್ನನ್ನು ನಿಲ್ಲಿಸಿದಲ್ಲೇ ಪೂರ್ತಿ ಜೋರಿನಲ್ಲಿ ಓಡಿಸಿ, ಅದರ ಪಕ್ಕೆಗೆ ಅಂಟಿಕೊಂಡು ನಿಂತು ಪರೀಕ್ಷೆ ಮಾಡುವುದು ಇವರ ಕೆಲಸ. ಕಿವಿಗೆ ತುರುಕಿಕೊಳ್ಳಲು ಹಳದಿ ಬಿರಡೆ ಕೊಟ್ಟಿದ್ದಾರೆ. ಅವು ದಾರದಲ್ಲಿ ಕತ್ತಿಗೆ ನೇತಾಡುತ್ತಿರುತ್ತವೆ, ಸಾಹೇಬರು ಬಂದಾಗ ಮಾತ್ರ ಕಿವಿ ಸೇರುತ್ತವೆ. "ಅದು ಹಾಕ್ಕೊಂಡ್ರೆ ಎಂಜಿನ್ ಏನು ಹೇಳ್ತಿದೆ ಅಂತ ಗೊತ್ತಾಗಲ್ಲ ಕಣೇ" ಎನ್ನುತ್ತಾರೆ. ಹಾಕಿಕೊಳ್ಳದೆ ಹಾಕಿಕೊಳ್ಳದೆ ಈಗ ಹೆಂಡತಿ ಏನು ಹೇಳುತ್ತಾಳೆ ಎಂಬುದೂ ಗೊತ್ತಾಗುವುದಿಲ್ಲ.

ಇದು ನನಗೂ ಬೇಗ ತಿಳಿಯಲಿಲ್ಲವೆನ್ನಿ. ಕೆಲವು ವರ್ಷಗಳ ಹಿಂದೆ ಇವರು ಊಟಕ್ಕೆ ನನ್ನ ಪಕ್ಕ ಕೂರುವುದನ್ನು ಬಿಟ್ಟು ಎದುರಿಗೆ ಕೂರತೊಡಗಿದರು. ನಾನು ಮಾತಾಡುತ್ತಿದ್ದರೆ ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಪ್ರೀತಿ ಉಕ್ಕಿತಲ್ಲಪ್ಪ ಎಂದು ನಾಚಿಕೊಂಡು ತಲೆಗೆ ಬಣ್ಣ ಬೇರೆ ಹಚ್ಚಿಕೊಂಡೆ. ಆಮೇಲೆ ನೋಡಿದರೆ, ಶೆಡ್ಡಿನ ಗದ್ದಲದಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುವುದಂತೆ! ಬೆನ್ನ ಹಿಂದೆ ನಿಂತು ಏನು ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕಿವಿ ತೋರಿಸಿಕೊಳ್ಳಿ ಎಂದರೆ, "ನನ್ನ ಕಿವಿಗೇನಾಗಿದೆ ಧಾಡಿ? ನೀನೇ ಬಾಯೊಳಗೆ ಗೊಣಗ್ತೀಯ" ಎಂದು ನನ್ನ ಮೇಲೇ ಹಾರುತ್ತಿದ್ದರು.

ಅಷ್ಟರಲ್ಲಿ ಹೊಸ ಸಾಹೇಬರು ಎಲ್ಲರ ಕಿವಿಗೂ ಪರೀಕ್ಷೆ ಇಟ್ಟರು. ಫೇಲಾದವರನ್ನು ಶೆಡ್ಡಿನಿಂದ ಎತ್ತಿ ಉಗ್ರಾಣದಲ್ಲಿ ಕೂರಿಸುತ್ತಾರೆ, ನಟ್ಟು ಬೋಲ್ಟು ವಿಂಗಡಿಸುತ್ತ. ಎಂಜಿನ್ ಬಿಟ್ಟರೆ ಇವರಿಗೆ ಬೇರೆ ಪ್ರಪಂಚವೇ ಇಲ್ಲ. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಪರೀಕ್ಷೆ ಮುಗಿಸಿ ಬಂದವರು ಹಿಗ್ಗಿ ಹೀರೇಕಾಯಿ ಆಗಿದ್ದರು.

"ಮೊದಲ ದರ್ಜೆ ಕಣೇ! ಇಡೀ ಶೆಡ್ಡಿಗೇ ನಂದೇ ಒಳ್ಳೇ ಕಿವಿಯಂತೆ."

ನಾನು ನಂಬುತ್ತೇನೆಯೇ? ಗದರಿಸಿ ಕೇಳಿದ ಮೇಲೆ ಗುಟ್ಟು ಹೊರಬಿತ್ತು. ಪರೀಕ್ಷೆಗೆ ಒಂದು ಗಾಜಿನ ಗೂಡು. ಒಳಗೆ ಕೂತವರ ಕಿವಿಗೆ ಹೆಡ್‌ಫೋನು, ಕೈಗೆ ಗುಂಡಿ. ಆಚೆ ಕೂತ ನರ್ಸಮ್ಮ ಯಂತ್ರದಿಂದ ಮೊದಲು ದಪ್ಪ ಸದ್ದು, ಆಮೇಲೆ ತೆಳ್ಳಗಿನ ಸದ್ದು ಕಳಿಸುತ್ತಾಳೆ, ಕೇಳಿಸಿದರೆ ಇವರು ಗುಂಡಿ ಒತ್ತಬೇಕು. ಆ ಪುಣ್ಯಾತ್ಗಿತ್ತಿ ಸದ್ದು ಕಳಿಸುವಾಗಲೆಲ್ಲ ಕಣ್ಣು ಕೆಳಗಿಳಿಸಿ ಗಲ್ಲ ಒಂಚೂರು ಅಲ್ಲಾಡಿಸುತ್ತಿದ್ದಳಂತೆ. ಮುಖ ಓದಿಯೇ ಬದುಕುವವರಿಗೆ ಇನ್ನೇನು ಬೇಕು? ಗಲ್ಲ ಅಲ್ಲಾಡಿತು, ಬೆರಳು ಗುಂಡಿ ಒತ್ತಿತು. ಅಷ್ಟಕ್ಕೇ ಸುಮ್ಮನಿರದೆ ಹೊರಗೆ ಸಾಲಿನಲ್ಲಿದ್ದವರಿಗೆಲ್ಲ ಹೇಳಿಕೊಟ್ಟೂ ಬಂದಿದ್ದರು. ಅರ್ಧ ಕಿವುಡರ ಶೆಡ್ಡಿಗೆ ಶೆಡ್ಡೇ ಪಾಸು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಗು ವಾರವೂ ಬಾಳಲಿಲ್ಲ. ಹಳಿ ರಿಪೇರಿ ಗ್ಯಾಂಗಿನ ಕಾವಲುಗಾರ ನಿವೃತ್ತನಾದ. ಗ್ಯಾಂಗಿನವರು ಯಂತ್ರ ಹಿಡಿದು ಹಳಿಯಡಿ ಜಲ್ಲಿ ಕುಟ್ಟುವಾಗ ಹಿಂದೆ ರೈಲು ಬಂದರೂ ಅವರಿಗೆ ಕೇಳಿಸುವುದಿಲ್ಲ. ಅದಕ್ಕೇ ಒಬ್ಬ ದೂರ ನಿಂತು ಆಲಿಸುತ್ತಿರಬೇಕು, ರೈಲಿನ ಸದ್ದು ಬಂದೊಡನೆ ಹಾರ್ನ್ ಊದಿ ಎಲ್ಲರನ್ನೂ ಹಳಿಯಿಂದ ಇಳಿಸಬೇಕು. ಈ ಕೆಲಸಕ್ಕೆ ಒಳ್ಳೆಯ ಕಿವಿ ಯಾರದು ಎಂದು ಸಾಹೇಬರು ಹುಡುಕಿದರು. ಮಾಡಿದ್ದುಣ್ಣೋ ಮಹಾರಾಯ! ಸೋಮವಾರದಿಂದ ಇವರಿಗೇ ಕಾವಲು.

ಆ ಗ್ಯಾಂಗಿನಲ್ಲಿ ಜಲ್ಲಿ ಕುಟ್ಟುವವನು ನನ್ನ ಒಡಹುಟ್ಟಿದ ತಮ್ಮ.

"ಹೋಗಿ ನಿಜ ಹೇಳಿಬಿಡಿ" ಎಂದೆ.

"ಹೇಳಿದ್ರೆ ನಾನೊಬ್ಬನೇ ಅಲ್ಲ, ಎಲ್ಲರಿಗೂ ಇನ್ನೊಂದ್ಸಲ ಪರೀಕ್ಷೆ. ಶೆಡ್ಡಿಗೆ ಶೆಡ್ಡೇ ನನಗೆ ಶಾಪ ಹಾಕುತ್ತೆ. ಕಿವಿ ಇಲ್ದಿದ್ರೆ ಏನಾಯ್ತು, ಕಣ್ಣಿಲ್ವಾ? ನೋಡ್ಕೋತೀನಿ."

"ತಿರುವಿನಲ್ಲಿ? ಬೆನ್ನ ಹಿಂದೆ ಬಂದ್ರೆ?"

ಇವರು ತಟ್ಟನೆ ಬೇರೆ ಕಡೆ ನೋಡಿದರು. ಮಾತು ಬೇಡವೆನಿಸಿದಾಗ ಕಿವುಡರಿಗೆ ಅದೊಂದು ಅನುಕೂಲ, ಮುಖ ತಿರುಗಿಸಿದರೆ ಮುಗಿಯಿತು. ನನಗೆ ಮೈಯೆಲ್ಲ ಉರಿಯಿತು.

ಭಾನುವಾರ ನನ್ನ ತಮ್ಮ ನಮ್ಮ ಮನೆಗೆ ಬಂದ. ಅವನಿಗೆ ಎಲ್ಲ ಹೇಳಿದೆ. ಅವನು ಯಾವುದನ್ನೂ ತಲೆಗೆ ಹಚ್ಚಿಕೊಳ್ಳುವವನಲ್ಲ. "ಇರು ಅಕ್ಕ, ಭಾವಂಗೆ ನಾವೇ ಒಂದು ಪರೀಕ್ಷೆ ಮಾಡೋಣ" ಎಂದು ಕಣ್ಣು ಹೊಡೆದ. ಇವರು ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಬಟಾಣಿ ಬಿಡಿಸುತ್ತಿದ್ದರು. ತಮ್ಮನ ಸನ್ನೆಯಂತೆ ನಾನು ಮಿಕ್ಸಿ ಹಾಕಿದೆ. ಜಲ್ಲಿ ಕುಟ್ಟುವ ಯಂತ್ರದ ಲೆಕ್ಕದಲ್ಲಿ ಅದು.

"ಭಾವಾ, ರೈಲು ಬಂತು!" ಬಾಗಿಲಲ್ಲಿ ನಿಂತು ಕೂಗಿದ.

ಬಟಾಣಿ ಬಟ್ಟಲಿಗೆ ಬೀಳುತ್ತಿತ್ತು.

"ರೈಲು ಬಂತು ಭಾವಾ!" ಎರಡು ಹೆಜ್ಜೆ ಹತ್ತಿರ ಬಂದ. ಮತ್ತೂ ಕೂಗಿದ. ಮಿಕ್ಸಿಯನ್ನು ಮೀರಿ ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಇವರು ಒಂದು ಹುಳುಕು ಕಾಯನ್ನು ಆರಿಸಿ ಪಕ್ಕಕ್ಕಿಟ್ಟರು.

ಕೊನೆಗೆ ತಮ್ಮ ಹಿಂದಿನಿಂದ ಹೋಗಿ ಹೆಗಲ ಮೇಲೆ ಕೈಯಿಟ್ಟ. ಇವರು ಬೆಚ್ಚಿ ತಿರುಗಿದರು. ತಮ್ಮ ತಮಾಷೆಗೇ ಹೇಳಿದ, ನಗುತ್ತಲೇ ಹೇಳಿದ.

"ನಾನು ಸತ್ತೋದೆ ಭಾವ."

ಅವನ ತುಟಿಯನ್ನು ಇವರು ಸರಿಯಾಗಿಯೇ ಓದಿದರು. ಒಮ್ಮೆ ಮಿಕ್ಸಿಯನ್ನು ನೋಡಿದರು, ಒಮ್ಮೆ ನನ್ನನ್ನು. ಕೈಯಲ್ಲಿದ್ದ ಬಟಾಣಿ ಕೆಳಗಿಟ್ಟು ತಮ್ಮನ ಎರಡು ಕೈಗಳನ್ನೂ ಹಿಡಿದುಕೊಂಡು ಕೂತುಬಿಟ್ಟರು. ನಾನು ಮಿಕ್ಸಿ ನಿಲ್ಲಿಸಿದೆ.

ಸೋಮವಾರ ಬೆಳಗ್ಗೆ ಮೊದಲು ಶೆಡ್ಡಿಗೆ ಹೋಗಿ ಜೊತೆಯವರಿಗೆ ವಿಷಯ ಹೇಳಿದರಂತೆ. ಬೈಗುಳ ಬಿದ್ದವು. ಎದುರಿಗೇ ನಿಂತು ಬೈದದ್ದರಿಂದ ಒಂದೂ ವ್ಯರ್ಥವಾಗಲಿಲ್ಲ. ಎಲ್ಲರಿಗಿಂತ ಹಿರಿಯ ಫಿಟ್ಟರ್, ಗಡ್ಡದಣ್ಣ ಅಂತ ಕರೆಯುತ್ತಾರೆ, ಬೈದು ಸುಸ್ತಾದ ಮೇಲೆ ಹೇಳಿದನಂತೆ. "ಹಳಿ ಮೇಲಿರೋರೂ ನಮ್ಮೋರೇ ಅಲ್ವೇನೋ? ಹೋಗು, ಹೇಳು. ಉಗ್ರಾಣದಲ್ಲಿ ನನಗೂ ಒಂದು ಕುರ್ಚಿ ಹಿಡಿದಿರು."

ಅಲ್ಲಿಂದ ಮನೆಗೆ ಬಂದು ನನ್ನನ್ನೂ ಜೊತೆಗೆ ಕರೆದುಕೊಂಡು ಪರೀಕ್ಷೆಯ ಕೋಣೆಗೆ ಹೋದರು. ನರ್ಸಮ್ಮನಿಗೆ ಏನೂ ಬಚ್ಚಿಡದೆ ಹೇಳಿದರು. ಅವಳು ಕೆಂಪಗಾಗಿ, "ನನ್ನ ಗಲ್ಲ ಅಲ್ಲಾಡುತ್ತಾ?" ಎಂದು ನನ್ನನ್ನು ಕೇಳಿದಳು. ಅಲ್ಲಾಡುತ್ತಿತ್ತು, ಆಗಲೂ.

ಇವರು ಗಾಜಿನ ಗೂಡಿನೊಳಗೆ ಹೋಗಿ, ಯಾರೂ ಹೇಳದೆಯೇ ಕುರ್ಚಿಯನ್ನು ಎತ್ತಿ ಗೋಡೆಯ ಕಡೆಗೆ ತಿರುಗಿಸಿಟ್ಟುಕೊಂಡು ಕೂತರು. ನಮಗೆ ಬೆನ್ನು ಮಾತ್ರ ಕಾಣುತ್ತಿತ್ತು, ಕುರ್ಚಿಯ ಕೈಯ ಮೇಲೆ ಗುಂಡಿ ಹಿಡಿದ ಬಲಗೈ ಕಾಣುತ್ತಿತ್ತು.

"ನೀವೂ ಕೇಳ್ತೀರಾ?" ಎಂದು ನರ್ಸಮ್ಮ ನನಗೂ ಒಂದು ಹೆಡ್‌ಫೋನು ಕೊಟ್ಟಳು.

ಮೊದಲು ಎಲ್ಲೋ ಬಾವಿಯೊಳಗಿಂದ ಬಂದಂಥ ದಪ್ಪ ಸದ್ದು. ಇವರ ಹೆಬ್ಬೆರಳು ಒತ್ತಿತು. ಭೇಷ್ ಎಂದುಕೊಂಡೆ. ಆಮೇಲೆ ತೆಳ್ಳಗಿನ ಸದ್ದು ಬಂತು. ಹಕ್ಕಿಮರಿಯಷ್ಟೇ ಸಣ್ಣದು, ನನಗೆ ಚೆನ್ನಾಗಿ ಕೇಳಿಸಿತು. ಹೆಬ್ಬೆರಳು ಅಲ್ಲಾಡಲಿಲ್ಲ. ನರ್ಸಮ್ಮ ಸದ್ದು ಏರಿಸಿದಳು. ಮತ್ತೂ ಏರಿಸಿದಳು. ನನ್ನ ಕಿವಿಯಲ್ಲಿ ಅದು ಕಿರುಚತೊಡಗಿತು, ಹೆಡ್‌ಫೋನು ಕಿತ್ತು ಹಾಕುವ ಹಾಗಾಯಿತು. ಇವರು ಮೇಷ್ಟ್ರ ಪ್ರಶ್ನೆಗೆ ಕಾಯುವ ಜಾಣ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು, ಹೆಬ್ಬೆರಳನ್ನು ಗುಂಡಿಯ ಮೇಲೆ ಸಿದ್ಧವಾಗಿಟ್ಟುಕೊಂಡು, ಕಾಯುತ್ತಲೇ ಇದ್ದರು. ಇಷ್ಟು ವರ್ಷ ಕೋಣ, ಕಿನ್ನರಿ ಎಂದೆಲ್ಲ ಆಡಿಕೊಂಡವಳು ನಾನೇ. ನಾನು ಅಳುತ್ತಿದ್ದೆ.

ನರ್ಸಮ್ಮ ಯಂತ್ರ ಆರಿಸಿದಳು. "ಆಯ್ತು, ಕರೀರಿ ಅವರನ್ನ" ಎಂದಳು.

ನಾನು ಗೂಡಿನ ಬಾಗಿಲು ತೆರೆದು ಕರೆದೆ. ತಿರುಗಲಿಲ್ಲ. ಕಣ್ಣೊರೆಸಿಕೊಂಡು ಸುತ್ತು ಹಾಕಿ ಹೋಗಿ, ಗೋಡೆಗೂ ಅವರಿಗೂ ನಡುವೆ ಇದ್ದ ಇಕ್ಕಟ್ಟಿನಲ್ಲಿ ಎದುರಿಗೆ ನಿಂತೆ.

ಇವರು ಮುಖ ಎತ್ತಿ ಕೇಳಿದರು. "ಯಾಕೆ ತಡ ಮಾಡ್ತಿದಾರೆ? ತೆಳ್ಳಗಿನ ಸದ್ದು ಯಾವಾಗ ಶುರು ಮಾಡ್ತಾರಂತೆ?"